ಹಣೆಯ ಎಡಗಡೆಯ ಅಂಕಿ

ಹಣೆಗೆ ಅಂಟಿಸುವ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಾನು ಆ ಹೆಂಗಸಿನ ಹಣೆಯನ್ನೇ ನೋಡುತ್ತ ನಿಂತೆ. ಎಡಗಡೆ ಅಂಟಿಸಲು ಜಾಗವೇ ಇರಲಿಲ್ಲ. ಮೊದಲೇ ಸಣ್ಣ ಹಣೆ. ಅದರ ಮೇಲೆ ಹುಬ್ಬಿನ ನಡುವಿನಿಂದ ಶುರುವಾಗಿ ಎಡಗಡೆಗೆ ಬಳ್ಳಿಯಂತೆ ಹಬ್ಬಿದ ಹಸಿರು ಹಚ್ಚೆ. ಬಲಗಡೆ ಮಾತ್ರ ಖಾಲಿ.

"ಏನ್ ನೋಡಾಕತ್ತೀರಿ ಬಾಯಾರ?" ಎಂದು ಆಕೆಯೇ ಕೇಳಿದರು. "ಅದು ಹೋಗಂಗಿಲ್ಲ ಬಿಡ್ರಿ. ಗಂಡ ಹ್ವಾದಾಗ ಕುಂಕುಮ ಅಳಿಸಿದ್ರು, ಇದನ್ನ ಅಳಿಸಾಕ ಯಾರ ಕೈಲೂ ಆಗಲಿಲ್ಲ."

ಹೇಳಿ ನಕ್ಕರು. ನಕ್ಕಿದ್ದಕ್ಕೇ ಏದುಸಿರು ಬಂತು. ಹಾನಗಲ್ಲ ತಾಲೂಕಿನ ಆಡೂರಿನವರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಹಾಗಾಗಿ ಅಕ್ಕಾರ ಅಂತಲೇ ಕರೆದೆ. ಎರಡೂ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಮೇಲೆ ಬದುಕುತ್ತಿದ್ದರು. ಈಗ ಹೃದಯದಿಂದ ರಕ್ತ ಹೊರಗೆ ಹೋಗುವ ಬಾಗಿಲಿನ ಕವಾಟಕ್ಕೆ ಸುಣ್ಣ ಕಟ್ಟಿ, ಅದು ಕಿಂಡಿಯಷ್ಟೇ ತೆರೆಯುತ್ತಿತ್ತು. ಅದನ್ನು ತೆಗೆದು ಬೇರೆ ಕವಾಟ ಕೂರಿಸಬೇಕು. ಎದೆ ತೆರೆದು ಕೂರಿಸುವವರು ಸರ್ಜನ್. ಅಷ್ಟು ಹೊತ್ತೂ ರೋಗಿಯನ್ನು ನಿದ್ದೆಯಲ್ಲಿಟ್ಟು, ಉಸಿರು, ಒತ್ತಡ, ಮಿದುಳು ಎಲ್ಲವನ್ನೂ ಕಾಯುವ ಅರಿವಳಿಕೆ ವೈದ್ಯೆ ನಾನು. ಶಿಗ್ಗಾವಿ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿರುವ ಆಸ್ಪತ್ರೆ ನಮ್ಮದು.

ಆ ಪಟ್ಟಿಯ ಕೆಲಸ ಸರಳ. ಕಣ್ಣಿಗೆ ಕಾಣದ ಒಂದು ಬೆಳಕನ್ನು ಅದು ಹಣೆಯ ಮೂಳೆಯ ಮೂಲಕ ಒಳಗೆ ಬಿಡುತ್ತದೆ. ತಿರುಗಿ ಬಂದ ಬೆಳಕನ್ನು ನೋಡಿ ಮಿದುಳಿನ ಮುಂಭಾಗದ ರಕ್ತದಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಂಕಿ ತೋರಿಸುತ್ತದೆ. ಎಡಕ್ಕೊಂದು ಅಂಕಿ, ಬಲಕ್ಕೊಂದು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಅರವತ್ತರ ಮೇಲಿರುತ್ತದೆ. ಡಯಾಲಿಸಿಸ್ ಮೇಲಿರುವವರು ಮಾತ್ರ ಶುರುವಿನಿಂದಲೇ ಕೆಳಗಿರುತ್ತಾರೆ. ರಕ್ತ ತೆಳು, ನಾಳಗಳು ಗಡಸು, ನೀರು ಏರುತ್ತ ಇಳಿಯುತ್ತ ಇರುವ ಮೈ. ಆಪರೇಷನ್ನಿನಲ್ಲಿ ಇನ್ನಷ್ಟು ಇಳಿದರೆ ಇಳಿಯಲು ಜಾಗವೇ ಇರುವುದಿಲ್ಲ. ಅದಕ್ಕೇ ಎಚ್ಚರವಿದ್ದಾಗಲೇ ಒಮ್ಮೆ ಅಳೆದು ನೋಡುವುದು ನನ್ನ ರೂಢಿ.

ಪಟ್ಟಿ ಅಂಟಿಸಿದೆ. ಅದರ ಎಡತುದಿ ಹಚ್ಚೆಯ ಮೇಲೆಯೇ ಕೂತಿತು, ಬೇರೆ ದಾರಿಯಿರಲಿಲ್ಲ. ಬಲಗಡೆ ನಲವತ್ತೊಂಬತ್ತು. ಎಡಗಡೆ ನಲವತ್ತೊಂದು.

ಸರ್ಜನ್ ಬಂದು ಹಣೆಯನ್ನೂ ಮಾನಿಟರಿನ ಅಂಕಿಗಳನ್ನೂ ನೋಡಿದರು. ಕೈ ಬಹಳ ಚೊಕ್ಕ ಇರುವ ಮನುಷ್ಯ, ಮಾತು ಅಷ್ಟು ಚೊಕ್ಕ ಅಲ್ಲ.

"ಆ ಹಸರ ಮಸಿ ಬೆಳಕು ನುಂಗಾಕತ್ತೈತ್ರಿ ಮೇಡಂ. ನಿಮ್ಮ ಮಷೀನು ಹಚ್ಚೀನ್ನ ಅಳ್ಯಾಕತ್ತೈತಿ, ತಲೀನ್ನಲ್ಲ."

"ಇರಬಹುದು ಸರ್. ಇರಲಿಕ್ಕಿಲ್ಲ ಅಂದ್ರ?"

"ಅಂದ್ರ ನೀವು ಹುಡಕ್ರಿ," ಎಂದು ಹೊರಟುಹೋದರು.

ಹಚ್ಚೆಯ ಮಸಿ ಬೆಳಕನ್ನು ಹೀರುತ್ತದೆ ಎಂಬುದು ಸುಳ್ಳಲ್ಲ. ಎಡಗಡೆಯ ಅಂಕಿಯಲ್ಲಿ ಮಸಿ ಎಷ್ಟು, ಮಿದುಳು ಎಷ್ಟು ಎಂದು ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ಪಟ್ಟಿ ಕೀಳುತ್ತಿದ್ದಾಗ ಅಕ್ಕ ನನ್ನ ಕೈ ಹಿಡಿದುಕೊಂಡರು.

"ಬಾಯಾರ, ಒಂದ್ ಮಾತು ಕೇಳ್ತೇನಿ, ಖರೇ ಹೇಳ್ರಿ. ಆಪರೇಶನ್ ಆದಮ್ಯಾಲೆ ತಲಿ ನೆಟ್ಟಗಿರ್ತೈತಿಲ್ಲೋ?"

"ಯಾಕ ಹಂಗ ಕೇಳ್ತೀರಿ ಅಕ್ಕಾರ?"

"ನನ್ನ ತಮ್ಮಗ ಹುಟ್ಟಾ ಕಿವಿ ಕೇಳಂಗಿಲ್ಲರಿ. ಮಾತೂ ಬರಂಗಿಲ್ಲ. ಸಾಲಿಗೆ ಯಾರೂ ಹಾಕ್ಲಿಲ್ಲ. ಸಣ್ಣವರಿದ್ದಾಗ ನಾವಿಬ್ರೂ ಕೈಲೆ ಮಾತಾಡಾಕ ಸುರು ಮಾಡಿದ್ವಿ. ಅದು ನಮ್ಮಿಬ್ರನ್ನ ಬಿಟ್ರ ಜಗತ್ತಿನ್ಯಾಗ ಯಾರಿಗೂ ಬರಂಗಿಲ್ಲ. ನಾ ಸತ್ರ ಅತ್ತು ಸುಮ್ನಾಗ್ತಾನ. ಆದ್ರ ನಾ ಕಣ್ಣ ತಕ್ಕೊಂಡು ಅವನ ಮುಂದ ಕುಂತು, ಅವ ಮಾತಾಡಿದ್ದು ನನಗ ತಿಳೀದಂಗ ಆದ್ರ ಹೆಂಗ್ರಿ? ಜೀವಕ್ಕ ಏನರ ಆಗ್ಲಿ, ಅದೊಂದು ಆಗಬಾರ್ದು ನೋಡ್ರಿ."

ಇಂಥ ಹೊತ್ತಿನಲ್ಲಿ ಹೇಳಲು ನನ್ನ ಬಳಿ ಸಿದ್ಧವಿರುವ ಮಾತೊಂದಿದೆ, ಏನೂ ಆಗಂಗಿಲ್ಲ ಬಿಡ್ರಿ ಅಂತ. ಅಂದು ಅದು ಬಾಯಿಗೆ ಬರಲಿಲ್ಲ. ಮಾತಿನ ಜಾಗ ಹೆಚ್ಚಿನವರಲ್ಲಿ ಮಿದುಳಿನ ಎಡಭಾಗದಲ್ಲಿರುತ್ತದೆ. ಬಾಯಿಯ ಮಾತಾದರೂ ಅಷ್ಟೇ, ಕೈಯ ಮಾತಾದರೂ ಅಷ್ಟೇ. ನಮಗೆ ನಂಬಲಾಗದ ಅಂಕಿ ಎಡಗಡೆಯದೇ ಆಗಿತ್ತು.

ಎರಡು ದಿನ ಅದನ್ನೇ ತಲೆಯಲ್ಲಿ ತಿರುವುತ್ತಿದ್ದೆ. ತಿರುವಲು ಬೇಕಾದಷ್ಟು ಹೊತ್ತು ನನಗಿರುತ್ತದೆ. ಆಸ್ಪತ್ರೆಯ ಹಿಂದೆ ಎರಡು ಕೋಣೆಯ ಮನೆ ಕೊಟ್ಟಿದ್ದಾರೆ. ಹಿರೇಕೆರೂರಿನ ಕಡೆ ನನ್ನ ಊರು, ಅವ್ವ ಹೋದ ಮೇಲೆ ಅಲ್ಲಿಗೆ ಹೋಗುವುದು ನಿಂತಿದೆ. ಮದುವೆ ಆಗಲಿಲ್ಲ, ಆಗಬೇಕು ಅಂತ ಹಟವೂ ಮಾಡಲಿಲ್ಲ. ಸಂಜೆ ಒಬ್ಬಳಿಗಾಗಿ ಒಂದೂವರೆ ರೊಟ್ಟಿ ಬಡಿದುಕೊಂಡು ಉಣ್ಣುತ್ತೇನೆ. ಕೆಲವು ದಿನ ಆಸ್ಪತ್ರೆಯಿಂದ ಬಂದ ಮೇಲೆ ಮರುದಿನ ಹೋಗುವವರೆಗೂ ನನ್ನ ಬಾಯಿಯಿಂದ ಒಂದು ಮಾತೂ ಹೊರಡುವುದಿಲ್ಲ. ಕೇಳಿದವರಿಗೆ ನನಗೆ ಹೀಗೇ ಚಲೋ ಅನ್ನುತ್ತೇನೆ. ಚಲೋ ಏನೂ ಅಲ್ಲ.

ರೊಟ್ಟಿ ಬಡಿಯುತ್ತಿದ್ದಾಗಲೇ ಹೊಳೆಯಿತು. ಮಸಿ ಚರ್ಮದಲ್ಲಿ ಕೂತಿದೆ. ಒಳಗೆ ಏನೇ ಆಗಲಿ ಅದು ತಿನ್ನುವುದು ಒಂದೇ ಅಳತೆ. ಮಿದುಳಿನ ರಕ್ತ ಹಾಗಲ್ಲ, ಏರಿಳಿಯುತ್ತದೆ. ಹಾಗಾದರೆ ಆಕೆಯ ಮೈಯಲ್ಲಿ ರಕ್ತ ಚೆನ್ನಾಗಿ ಏರುಪೇರಾಗುವ ಹೊತ್ತಿನಲ್ಲಿ ಎರಡೂ ಅಂಕಿಗಳನ್ನು ಪಕ್ಕಪಕ್ಕ ನೋಡಬೇಕು. ಎಡಗಡೆಯದು ಕಲ್ಲಿನಂತೆ ನಿಂತಲ್ಲೇ ನಿಂತರೆ ಅದು ಬರೀ ಹಚ್ಚೆ. ಬಲಗಡೆಯ ಜೊತೆ ಇಳಿದು ಏರಿದರೆ ಅದಕ್ಕೆ ಜೀವವಿದೆ. ಅಂಥ ಏರುಪೇರು ಆಗುವುದು ಡಯಾಲಿಸಿಸ್ ನಡೆಯುವಾಗ. ಆಕೆ ಅದನ್ನು ಮಾಡಿಸಿಕೊಳ್ಳುವುದು ಹಾನಗಲ್ಲಿನಲ್ಲಿ.

ರಜೆಯ ದಿನ ಮಾನಿಟರನ್ನು ಹಳೆಯ ಶಾಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ರಜೆಯ ದಿನ ಮಾಡಲು ನನಗೆ ಬೇರೆ ಕೆಲಸವೂ ಇರಲಿಲ್ಲ.

"ಏನ್ರೀ ಅಕ್ಕಾರ, ಟಿವಿ ಏನು?" ಎಂದ ಕಂಡಕ್ಟರ್.

"ಹೂಂ, ತಲಿಯೊಳಗಿಂದು ಕಾಣಿಸೋ ಟಿವಿ."

"ಹಂಗಾರ ನನ್ನ ಕಡೆ ಹಿಡೀಬ್ಯಾಡ್ರಿ ಮತ್ತ," ಎಂದು ಮುಂದೆ ಹೋದ. ಬಂಕಾಪುರ ದಾಟಿದ ಮೇಲೆ ಎರಡೂ ಕಡೆ ಗೋವಿನಜೋಳ, ಹಾನಗಲ್ಲ ಹತ್ತಿರವಾದಂತೆ ಭತ್ತದ ಗದ್ದೆ. ತೊಡೆಯ ಮೇಲಿನ ಭಾರಕ್ಕೆ ಕಾಲು ಜೋಮು ಹಿಡಿಯಿತು.

ಡಯಾಲಿಸಿಸ್ ಕೋಣೆಯಲ್ಲಿ ಸಾಲಾಗಿ ಮಂಚಗಳು, ಪ್ರತಿ ಮಂಚದ ಪಕ್ಕ ರಕ್ತವನ್ನು ತಿರುವುತ್ತ ನಿಂತ ಒಂದು ಯಂತ್ರ. ಅಕ್ಕನ ಎಡಗೈಯಲ್ಲಿ ಸೂಜಿ. ರಕ್ತ ತೆಗೆಯಲೆಂದೇ ಆ ಕೈಯ ನಾಳಗಳನ್ನು ಹಿಂದೆ ಜೋಡಿಸಿದ್ದರು, ಅದನ್ನು ಅಲ್ಲಾಡಿಸುವಂತಿಲ್ಲ. ಮಂಚದ ಕಾಲಿನ ಬಳಿ ಸ್ಟೂಲಿನ ಮೇಲೆ ತಮ್ಮ ಕೂತಿದ್ದ. ಐವತ್ತು ದಾಟಿದ ಗಟ್ಟಿ ಆಳು, ಹುಬ್ಬಿನ ತುಂಬ ಹಿಟ್ಟು. ಆಡೂರಿನಲ್ಲಿ ಇಬ್ಬರೂ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಾರಂತೆ. ಗಿರಣಿಯ ಸದ್ದಿನಲ್ಲಿ ಊರವರೆಲ್ಲ ಗಂಟಲು ಹರಿದುಕೊಂಡು ಕೂಗಿದರೆ ಇವರಿಬ್ಬರು ಮಾತ್ರ ತಣ್ಣಗೆ ಕೈಯಲ್ಲಿ ಮಾತಾಡುತ್ತಾರೆ.

ನಾನು ಬಂದದ್ದನ್ನು ಅಕ್ಕ ಬಲಗೈಯೊಂದರಿಂದಲೇ ಆತನಿಗೆ ಹೇಳಿದರು. ಆತ ಎದ್ದು ಸ್ಟೂಲು ಬಿಟ್ಟುಕೊಡಲು ಬಂದ. ಬ್ಯಾಡ ಅಂತ ನಾನು ಕೈ ಆಡಿಸಿದ್ದನ್ನು ಏನೆಂದು ತಿಳಿದನೋ, ಹೋಗಿ ನನಗೊಂದು ಚಹಾ ತಂದ.

"ನೀವು ಚಹಾ ಬೇಕು ಅಂದ್ರಂತ," ಎಂದು ಅಕ್ಕ ನಕ್ಕರು.

ಪಟ್ಟಿ ಅಂಟಿಸಿ ಕೂತೆ. ಅಂಕಿಗಳು ಹಿಂದಿನಂತೆಯೇ ಇದ್ದವು, ನಡುವೆ ಎಂಟರ ಅಂತರ. ಅವರಿಬ್ಬರ ಮಾತು ನಡೆದಿತ್ತು. ಯಾರೋ ಗಿರಾಕಿಯ ನಡಿಗೆಯನ್ನು ಆತ ಎರಡು ಬೆರಳಿನಲ್ಲಿ ಮಾಡಿ ತೋರಿಸಿದ. ಅಕ್ಕನಿಗೆ ನಗೆ ತಡೆಯಲಾಗದೆ ಮಂಚ ಅಲುಗಿತು. "ಸೂಜಿ ಹೊರಗ ಬರ್ತೈತಿ ನೋಡಬೇ, ಸುಮ್ಕ ಮಲಗು," ಎಂದು ಟೆಕ್ನಿಶಿಯನ್ ಗದರಿದ. ನನಗೆ ಹೊಟ್ಟೆಕಿಚ್ಚಾಯಿತು. ಹೌದು, ಹೊಟ್ಟೆಕಿಚ್ಚೇ. ಊರೆಲ್ಲ ಆಡುವ ಭಾಷೆ ನನ್ನ ಬಾಯಲ್ಲಿದ್ದೂ ಸಂಜೆಗೆ ಆಡಲು ಯಾರಿಲ್ಲ. ಆತನಿಗೆ ಇಡೀ ಜಗತ್ತಿನಲ್ಲಿ ಮಾತಾಡಲು ಒಬ್ಬಳೇ ಒಬ್ಬಳು ಇದ್ದಾಳೆ, ಆ ಮಾತಿಗೆ ಕೊನೆಯೇ ಇಲ್ಲ.

ಯಂತ್ರ ನೀರು ಎಳೆಯುತ್ತ ಹೋಯಿತು. ಮೊದಲಿಗೆ ಅಂಕಿ ಅಲುಗಲಿಲ್ಲ. ಕಡೆಯ ಹೊತ್ತಿಗೆ ಎರಡೂ ಒಟ್ಟಿಗೆ ಇಳಿಯತೊಡಗಿದವು. ಬಲಗಡೆ ನಲವತ್ತೈದಾದಾಗ ಎಡಗಡೆ ಮೂವತ್ತೇಳು. ಬಲಗಡೆ ನಲವತ್ತೊಂದು, ಎಡಗಡೆ ಮೂವತ್ತಮೂರು. ಅಕ್ಕ ಆಕಳಿಸಿದರು. ತಮ್ಮ ಏನೋ ಕೇಳಿದ. ಅಕ್ಕನ ಕೈ ಅರ್ಧ ಎದ್ದು ನಿಂತಿತು. ಆತ ಮತ್ತೆ ಅದನ್ನೇ ಕೇಳಿದ. ಅಕ್ಕ ಆತನ ಬೆರಳುಗಳನ್ನು ನೋಡುತ್ತಿದ್ದರು, ಕಣ್ಣು ತೆರೆದೇ ಇತ್ತು, ಆದರೆ ಉತ್ತರ ಬರಲಿಲ್ಲ. ಆತ ಮೂರನೆಯ ಸಲ ಕೇಳಲಿಲ್ಲ. ನನ್ನ ಕಡೆ ತಿರುಗಿದ. ಆ ಮುಖ ನನಗೆ ಇಂದಿಗೂ ಮರೆತಿಲ್ಲ.

"ನೀರು ಎಳೆಯೋದು ನಿಲ್ಲಿಸ್ರಿ," ಎಂದು ಟೆಕ್ನಿಶಿಯನ್ನನಿಗೆ ಹೇಳಿ ಅಕ್ಕನ ಕಾಲನ್ನು ಎತ್ತಿ ಹಿಡಿದೆ. ಸ್ವಲ್ಪ ಸಲೈನು ಹೋಯಿತು. ಎರಡೂ ಅಂಕಿಗಳು ಜೊತೆಜೊತೆಯಾಗಿಯೇ ಮೇಲೆ ಬಂದವು, ಎಂಟರ ಅಂತರ ಬಿಡದೆ. ಅವುಗಳ ಹಿಂದೆಯೇ ಅಕ್ಕನ ಕೈಯೂ ಎದ್ದಿತು.

ಅಷ್ಟು ಸಾಕಾಗಿತ್ತು. ಹಚ್ಚೆ ತಿನ್ನುವುದು ಎಂಟು, ಉಳಿದದ್ದು ಮಿದುಳು. ಎಡಗಡೆಯ ಅಂಕಿಗೆ ಜೀವವಿತ್ತು. ಎಂಟು ಸೇರಿಸಿದರೂ ಅದು ನಲವತ್ತರ ಆಸುಪಾಸಿಗೆ ಇಳಿದರೆ ಆ ಹೆಣ್ಣುಮಗಳ ಕೈ ಮೂಕವಾಗುತ್ತದೆ ಎಂದೂ ಕಣ್ಣಾರೆ ಕಂಡಿದ್ದೆ.

ಇದನ್ನೆಲ್ಲ ಹೇಳಿ ಆಪರೇಷನ್ನನ್ನು ಮುಂದಕ್ಕೆ ಹಾಕಿ ಎಂದಾಗ ಸರ್ಜನ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಆ ಕವಾಟ ಎಷ್ಟು ಸಣ್ಣದಾಗೈತಿ ಗೊತ್ತೈತೇನ್ರಿ? ಕಾಯಾಕ ಹಚ್ಚಿದ್ರ ಆಡೂರಿನ್ಯಾಗ ಒಂದಿನ ನೀರು ಸೇದಾಕ ಹೋದಾಕಿ ಅಲ್ಲೇ ಬಿದ್ದು ಹೋಗ್ತಾಳ. ಆವಾಗ ನಿಮ್ಮ ಅಂಕಿ ಏನು ಮಾಡೂದು?"

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ನನ್ನ ಸಂಕಟ. ತಡಮಾಡಿದರೆ ಹೃದಯ, ಅವಸರ ಮಾಡಿದರೆ ತಲೆ. ಕಡೆಗೆ, ರಕ್ತ ಸ್ವಲ್ಪ ಗಟ್ಟಿಯಾಗುವವರೆಗೆ ಮಾತ್ರ ತಡೆಯೋಣ ಎಂದು ಒಪ್ಪಿಸಿದೆ. ರಕ್ತ ಹೆಚ್ಚಿಸುವ ಇಂಜೆಕ್ಷನ್ನು, ಕಬ್ಬಿಣದ ಸಲೈನು ಶುರುವಾಯಿತು. ಹಾನಗಲ್ಲಿನವರಿಗೆ ಫೋನು ಮಾಡಿ, ಒಮ್ಮೆಲೇ ಹೆಚ್ಚು ನೀರು ಎಳೆಯದೆ ಸ್ವಲ್ಪಸ್ವಲ್ಪವಾಗಿ ಹೆಚ್ಚು ಸಲ ಎಳೆಯಿರಿ ಎಂದು ಕೇಳಿಕೊಂಡೆ. ಆ ದಿನಗಳಲ್ಲಿ ಫೋನು ಬಡಿದುಕೊಂಡರೆ ಸಾಕು, ಯಾವ ಊರಿನದು ಎಂದು ಮೊದಲು ನೋಡುತ್ತಿದ್ದೆ. ಆಡೂರಿನಿಂದ ಕೆಟ್ಟ ಸುದ್ದಿ ಬಂದರೆ ಅದು ಪೂರ್ತಿ ನನ್ನದೇ. ಹಂಚಿಕೊಳ್ಳಲು ಯಾರೂ ಬರುವವರಿರಲಿಲ್ಲ.

ಸುದ್ದಿ ಬರಲಿಲ್ಲ. ಅಕ್ಕ ಬಂದರು. ಮುಖಕ್ಕೆ ತುಸು ಕಳೆ ಬಂದಿತ್ತು.

ಆಪರೇಷನ್ನಿನ ಬೆಳಿಗ್ಗೆ ಥಿಯೇಟರಿನ ಬಾಗಿಲವರೆಗೆ ಟ್ರಾಲಿಯ ಜೊತೆ ತಮ್ಮನೂ ನಡೆದುಬಂದ. ಬಾಗಿಲು ಮುಚ್ಚುತ್ತಿದ್ದರೂ ಅಕ್ಕನ ಬಲಗೈ ಗಾಳಿಯಲ್ಲಿ ಏನೋ ಹೇಳುತ್ತಲೇ ಇತ್ತು. "ಕೈ ಒಳಗ ತಗೋರಿ ಅಕ್ಕಾರ, ಬಾಗಲಾ ಬಡೀತೈತಿ," ಎಂದೆ. ಮೇಜಿನ ಮೇಲೆ ಮಲಗಿಸಿ ಹಣೆಗೆ ಪಟ್ಟಿ ಅಂಟಿಸಿದೆ. ಬಲಗಡೆ ಐವತ್ತೇಳು, ಎಡಗಡೆ ನಲವತ್ತೊಂಬತ್ತು. ಅಂತರ ಅದೇ ಎಂಟು.

"ನೀವ ಇರ್ತೀರಿಲ್ಲ ಬಾಯಾರ?"

"ನಾ ಎಲ್ಲಿ ಹೋಗ್ಲಿ? ನಿಮ್ಮ ತಲಿ ಹಂತೇಕ ಇರ್ತೇನಿ."

ಔಷಧ ಹೋಯಿತು, ಅಕ್ಕ ಮಲಗಿದರು. ರಕ್ತದೊತ್ತಡ ಅಳೆಯುವ ಸಣ್ಣ ನಳಿಕೆಯನ್ನು ಬಲ ಮಣಿಕಟ್ಟಿನ ನಾಳಕ್ಕೆ ಹಾಕಿದೆ. ಎಡಗೈ ಡಯಾಲಿಸಿಸ್ಸಿನದು, ಮುಟ್ಟುವಂತಿಲ್ಲ. ಆಮೇಲೆ ಕುತ್ತಿಗೆಯ ಮಟ್ಟಕ್ಕೆ ಹಸಿರು ಬಟ್ಟೆಯ ಪರದೆ ಎದ್ದಿತು. ಪರದೆಯ ಆಚೆ ಸರ್ಜನ್, ಸಹಾಯಕರು, ದೀಪ, ಮಾತು, ತೆರೆದ ಎದೆ. ಈಚೆ ನಾನು ಮತ್ತು ಒಂದು ತಲೆ. ಇಷ್ಟು ವರ್ಷವಾದರೂ ಪರದೆ ಏರುವ ಆ ಗಳಿಗೆಯಲ್ಲಿ ಬಿಕೋ ಎನ್ನಿಸುವುದು ತಪ್ಪಿಲ್ಲ.

ಹೃದಯವನ್ನು ನಿಲ್ಲಿಸಿ ಕೆಲಸ ಮಾಡಬೇಕಾದ್ದರಿಂದ ಅದರ ಕೆಲಸವನ್ನು ಪಂಪು ಮಾಡುತ್ತದೆ. ಮೈಯ ರಕ್ತವನ್ನು ಒಂದು ಕೊಳವೆಯಿಂದ ಹೊರಗೆ ತಂದು, ಆಮ್ಲಜನಕ ತುಂಬಿ, ಇನ್ನೊಂದು ಕೊಳವೆಯಿಂದ ದೊಡ್ಡ ರಕ್ತನಾಳಕ್ಕೆ ತಿರುಗಿ ಬಿಡುತ್ತದೆ. ಅದನ್ನು ನಡೆಸುವವರು ಯಲವಿಗಿಯವರು, ಮಾತು ಕಡಿಮೆ. ರಕ್ತ ತೆಳುವಾಗದಂತೆ ಪಂಪಿನೊಳಗೆ ಸಲೈನಿನ ಬದಲು ರಕ್ತವನ್ನೇ ತುಂಬಿಟ್ಟುಕೊಳ್ಳಿ ಎಂದು ಮೊದಲೇ ಹೇಳಿದ್ದೆ, ತುಂಬಿದ್ದರು. ಸರ್ಜನ್ ಕೊಳವೆ ಹಾಕಿದರು, ಪಂಪು ಶುರುವಾಯಿತು.

ಎಡಗಡೆಯ ಅಂಕಿ ಇಳಿಯಿತು.

ಪಂಪು ಶುರುವಾದಾಗ ಸ್ವಲ್ಪ ಇಳಿಯುವುದು ಇದ್ದದ್ದೇ ಎಂದು ಕಾದೆ. ನಲವತ್ತೈದು, ನಲವತ್ತೆರಡು. ತಲೆ ಎಲ್ಲಾದರೂ ಹೊರಳಿದೆಯೇ ಎಂದು ನೋಡಿ ನೆಟ್ಟಗೆ ಮಾಡಿದೆ. ಕುತ್ತಿಗೆಯಿಂದ ರಕ್ತ ಸರಿಯಾಗಿ ಇಳಿದು ಬರುತ್ತಿದೆಯೇ ನೋಡಿದೆ, ಬರುತ್ತಿತ್ತು. ಪಂಪಿನವರಿಗೆ ಹರಿವು ಹೆಚ್ಚಿಸಲು ಹೇಳಿದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಸು ಏರಿದರೆ ಮಿದುಳಿನ ನಾಳಗಳು ಅಗಲವಾಗುತ್ತವೆ, ಅದನ್ನೂ ಮಾಡಿಸಿದೆ. ಎಡಗಡೆ ಮೂವತ್ತೇಳು. ಬಲಗಡೆ ನೋಡಿದರೆ ಅರವತ್ತೊಂದಕ್ಕೆ ಏರಿ ಕೂತಿದೆ.

"ಸರ್, ಎಡಗಡೆ ಬೀಳಾಕತ್ತೈತಿ."

"ಪ್ರೆಷರ್?"

"ಎಂಬತ್ತು."

"ಎಂಬತ್ತಿದ್ರ ಮತ್ತೇನ್ರಿ? ಚಲೋ ಐತಿ. ಅದು ಹಚ್ಚಿ. ಕ್ಲ್ಯಾಂಪ್ ಕೊಡ್ರಿ," ಎಂದು ಸಿಸ್ಟರ್ ಕಡೆ ಕೈ ಚಾಚಿದರು. ದೊಡ್ಡ ನಾಳವನ್ನು ಅದುಮಿ ಹಿಡಿಯುವ ಆ ಕ್ಲ್ಯಾಂಪ್ ಹಾಕಿದರೆ ಹೃದಯ ನಿಲ್ಲುತ್ತದೆ. ಆಮೇಲೆ ಕವಾಟ ಕೂರಿಸಿ ಮುಗಿಯುವವರೆಗೆ ಹಿಂದೆ ಬರುವ ದಾರಿಯಿಲ್ಲ.

ಪ್ರೆಷರು ಚಲೋ ಇದೆ. ಬಲಗಡೆ ಬೇಕಾದ್ದಕ್ಕಿಂತ ಚಲೋ ಇದೆ. ಎಡಗಡೆ ಒಣಗುತ್ತಿದೆ. ಆ ಚಲೋ ಪ್ರೆಷರನ್ನು ನಾವು ಅಳೆಯುತ್ತಿದ್ದದ್ದು ಎಲ್ಲಿ? ಬಲ ಮಣಿಕಟ್ಟಿನಲ್ಲಿ. ಬಲಗೈಗೂ ತಲೆಯ ಬಲಭಾಗಕ್ಕೂ ರಕ್ತ ಹೋಗುವುದು ದೊಡ್ಡ ನಾಳದ ಒಂದೇ ಕವಲಿನಿಂದ. ಪಂಪಿನ ಕೊಳವೆಯ ಬಾಯಿ ಒಳಗೆ ಆ ಕವಲಿನ ಕಡೆ ತಿರುಗಿ ಕೂತಿದ್ದರೆ ರಕ್ತವೆಲ್ಲ ಅಲ್ಲಿಗೇ ಸುರಿಯುತ್ತದೆ. ಗದ್ದೆಯ ನೀರೆಲ್ಲ ಒಂದೇ ಪಾತಿಗೆ ಹೋದ ಹಾಗೆ. ನಾವು ಆ ಪಾತಿಯನ್ನೇ ನೋಡಿಕೊಂಡು ನೀರು ಸಾಕಷ್ಟಿದೆ ಅನ್ನುತ್ತಿದ್ದೆವು.

"ಸರ್, ಕ್ಲ್ಯಾಂಪ್ ಹಾಕಬ್ಯಾಡ್ರಿ. ಕೊಳವಿ ಬಾಯಿ ಬಲಗಡಿ ಕವಲಿಗೆ ತಿರುಗೇತಿ."

ಪರದೆಯ ಆಚೆ ಎಲ್ಲ ಕೈಗಳೂ ನಿಂತವು. ಸರ್ಜನ್ನರ ಕಣ್ಣುಗಳು ಪರದೆಯ ಮೇಲಿನಿಂದ ನನ್ನನ್ನು ನೋಡಿದವು.

"ಮೇಡಂ, ಹಚ್ಚಿ ಅಂತ ಎಷ್ಟು ಸಲ ಹೇಳಲಿ?"

"ಹಚ್ಚಿ ಎಂಟು ತಿಂತೈತಿ ಸರ್. ಹಾನಗಲ್ಲಿನ್ಯಾಗೂ ಎಂಟು, ಮುಂಜಾನೆನೂ ಎಂಟು. ಈಗ ಇಪ್ಪತ್ನಾಕು ಹೋಗೇತಿ. ಹಚ್ಚಿಗೆ ಒಮ್ಮಿಂದೊಮ್ಮೆಲೆ ಅಷ್ಟು ಹಸಿವು ಬರಂಗಿಲ್ಲ."

ಪಂಪಿನವರು ಮೆಲ್ಲಗೆ, "ಲೈನಿನ ಒತ್ತಡ ಸೊಲ್ಪ ಜಾಸ್ತಿನ ಐತ್ರಿ ಸರ್," ಎಂದರು.

"ಈ ನಾಳದ ಗ್ವಾಡಿ ಮುಟ್ಟಿ ನೋಡೀರೇನ್ರಿ?" ಎಂದರು ಸರ್ಜನ್, ಈ ಸಲ ದನಿ ತಗ್ಗಿಸಿ. "ಸುಣ್ಣ ಕಟ್ಟಿ ಮೊಟ್ಟಿ ಸಿಪ್ಪಿ ಆಗೇತಿ. ಕೊಳವಿ ಅಲ್ಲಾಡಿಸಿದ್ರ ಒಂದ್ ಚೂರು ಕಿತ್ತು ಸೀದಾ ತಲಿಗೆ ಹೋಗ್ತೈತಿ. ನೀವು ಉಳಿಸಾಕ ನಿಂತೀರಲ್ಲ, ಅದನ್ನ ನಾವ ಕೈಯಾರೆ ಕೊಂದಂಗ ಆಗ್ತೈತಿ. ನೀವು ಹೇಳಿದ್ರ ತಿರುಗಿಸ್ತೇನಿ. ಹೇಳ್ತೀರೇನು?"

ನನ್ನ ಕೆಲಸದಲ್ಲಿ ಅಷ್ಟು ಒಬ್ಬಳೇ ಆದದ್ದು ಇನ್ನೊಂದು ಗಳಿಗೆ ಇಲ್ಲ. ಸುತ್ತ ಏಳೆಂಟು ಜನ ಇದ್ದರು. ಯಾರನ್ನೂ ಕೇಳುವಂತಿರಲಿಲ್ಲ. ಕೇಳಬೇಕಾದವರು ನನ್ನ ಕೈಯಳತೆಯಲ್ಲೇ ಮಲಗಿದ್ದರು, ಅವರ ಬಾಯಿಯನ್ನೂ ಕೈಯನ್ನೂ ನಾನೇ ಸುಮ್ಮನಾಗಿಸಿದ್ದೆ. ಎಡಗಡೆ ಮೂವತ್ತನಾಲ್ಕು.

"ಹೇಳ್ತೇನಿ ಸರ್. ತಿರುಗಿಸ್ರಿ."

ಪಂಪಿನ ಹರಿವು ತಗ್ಗಿಸಿದರು. ಸರ್ಜನ್ ದಾರ ಸಡಿಲಿಸಿ ಕೊಳವೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದು, ಬೀಗದೊಳಗೆ ಕೀಲಿ ತಿರುಗಿಸುವಂತೆ ಮೆಲ್ಲಗೆ ತಿರುಗಿಸಿದರು. ಬಲ ಮಣಿಕಟ್ಟಿನ ಪ್ರೆಷರು ಎಂಬತ್ತರಿಂದ ಐವತ್ತೆಂಟಕ್ಕೆ ಬಿತ್ತು. ಇಡೀ ಮೈಯ ನಿಜವಾದ ಪ್ರೆಷರು ಅದು. ಈಗ ಹರಿವು ಏರಿಸಿರಿ ಎಂದೆ, ಪಂಪಿನವರು ಏರಿಸಿದರು. ನಾನು ಮಾನಿಟರನ್ನೇ ನೋಡುತ್ತಿದ್ದೆ. ಎಡಗಡೆಯ ಅಂಕಿ ಅಲ್ಲೇ ನಿಂತಿತ್ತು, ನಿಂತೇ ಇತ್ತು. ಆಮೇಲೆ ಮೂವತ್ತಾರು. ನಲವತ್ತು. ಬಲಗಡೆ ಇಳಿಯುತ್ತ, ಎಡಗಡೆ ಏರುತ್ತ, ಐವತ್ತೈದು ಮತ್ತು ನಲವತ್ತೇಳಕ್ಕೆ ಬಂದು ನಿಂತವು.

"ಎಷ್ಟು?" ಎಂದರು ಸರ್ಜನ್.

"ಎಂಟು."

"ಹೂಂ. ಕ್ಲ್ಯಾಂಪ್."

ಮುಂದಿನದೆಲ್ಲ ಸುಸೂತ್ರವಾಗಿ ಆಯಿತು. ಸುಣ್ಣಗಟ್ಟಿದ ಕವಾಟ ತೆಗೆದು ಹೊಸದು ಕೂರಿಸಿದರು, ಹೃದಯ ತಾನಾಗಿಯೇ ಬಡಿಯಿತು. ಆದರೆ ಎಡಗಡೆ ಒಣಗಿದ್ದ ಅಷ್ಟು ಹೊತ್ತಿನಲ್ಲಿ ಒಳಗೆ ಏನಾಗಿದೆಯೋ, ಕೊಳವೆ ತಿರುಗಿಸುವಾಗ ಸುಣ್ಣದ ಚೂರು ಹೋಗಿದೆಯೋ ಇಲ್ಲವೋ, ಅದನ್ನು ಯಾವ ಅಂಕಿಯೂ ಹೇಳುವುದಿಲ್ಲ. ರೋಗಿ ಎದ್ದ ಮೇಲೆಯೇ ತಿಳಿಯಬೇಕು.

ಅಕ್ಕ ಎದ್ದೇಳಲಿಲ್ಲ. ಕಿಡ್ನಿ ಇಲ್ಲದ ಮೈಯಿಂದ ಔಷಧ ಬೇಗ ಇಳಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಐಸಿಯುನಲ್ಲಿ ಡಯಾಲಿಸಿಸ್ ಕೊಟ್ಟರು. ಮರುದಿನ ಬೆಳಿಗ್ಗೆ ಹೋದರೆ ಅರೆಗಣ್ಣು ಬಿಟ್ಟಿದ್ದರು. ಗಂಟಲಲ್ಲಿ ಉಸಿರಿನ ನಳಿಕೆ ಇದ್ದುದರಿಂದ ಬಾಯಿ ಮಾತು ಹೇಗೂ ಇಲ್ಲ. "ನನ್ನ ಕೈ ಹಿಡೀರಿ ಅಕ್ಕಾರ," ಎಂದೆ. ಹಿಡಿಯಲಿಲ್ಲ. "ಬಲಗಾಲು ಅಲ್ಲಾಡಿಸ್ರಿ." ಇಲ್ಲ. ಕಣ್ಣು ನನ್ನ ಮೇಲಿಂದ ಹಾದು ಗೋಡೆಗೆ ಹೋಯಿತು. ಸರ್ಜನ್ ಬಂದು ನೋಡಿ, ಮಧ್ಯಾಹ್ನದವರೆಗೆ ನೋಡಿ ತಲೆಯ ಸ್ಕ್ಯಾನ್ ಮಾಡಿಸೋಣ ಎಂದರು. ನನ್ನನ್ನು ಬೈದಿದ್ದರೆ ಚಲೋ ಇತ್ತು.

ಹೊರಗೆ ಬೆಂಚಿನ ಮೇಲೆ ತಮ್ಮ ಕೂತಿದ್ದ. ನನ್ನನ್ನು ನೋಡಿದ್ದೇ ಎದ್ದು ಬಂದು ಎರಡೂ ಕೈಯಲ್ಲಿ ಏನೇನೋ ಕೇಳಿದ. ನನಗೊಂದೂ ತಿಳಿಯಲಿಲ್ಲ. ಮಲಗಿದ್ದಾರೆ ಎಂದು ಹೇಳಲು ಕೆನ್ನೆಗೆ ಕೈ ಒತ್ತಿ ತೋರಿಸಿದೆ. ಆತನ ಮುಖ ಕಪ್ಪಿಟ್ಟಿತು. ಸತ್ತರು ಅಂದೆ ಎಂದುಕೊಂಡನೇ? ಅಲ್ಲ ಅಲ್ಲ ಎಂದು ತಲೆ ಆಡಿಸಿದೆ, ಎದೆಯ ಮೇಲೆ ಬೆರಳು ಬಡಿದು ಹೃದಯ ಬಡಿಯುತ್ತಿದೆ ಎಂದು ತೋರಿಸಿದೆ. ಆತ ನನ್ನ ಕೈಗಳನ್ನೇ ನೋಡುತ್ತಿದ್ದ. ಅಯ್ಯೋ ದೇವರೇ, ಇಷ್ಟು ಓದಿಯೂ ಒಬ್ಬ ಮನುಷ್ಯನಿಗೆ ನಿನ್ನ ಅಕ್ಕ ಬದುಕಿದ್ದಾಳೆ ಎಂದು ಹೇಳಲಾಗಲಿಲ್ಲವಲ್ಲ ಎಂದುಕೊಂಡೆ. ಆತ ಬೆಂಚಿಗೆ ಹೋಗಿ ಕೂತ. ನಾನೂ ಪಕ್ಕದಲ್ಲಿ ಕೂತೆ.

ಮಧ್ಯಾಹ್ನ ಮತ್ತೆ ಒಳಗೆ ಹೋದೆ. ಅಕ್ಕನ ಎರಡೂ ಕೈಗಳನ್ನು, ಎಡಗೈಯನ್ನು ಮಾತ್ರ ಸಡಿಲವಾಗಿ, ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ನಳಿಕೆ ಕಿತ್ತುಕೊಳ್ಳದಿರಲಿ ಎಂದು ಎಲ್ಲರಿಗೂ ಕಟ್ಟುವುದೇ.

"ಒಂದ್ ತಾಸಿಂದ ಬಾಳ ಚಡಪಡಸಾಕತ್ತಾರ್ರಿ ಬಾಯಾರ," ಎಂದಳು ನರ್ಸು. "ಹೇಳಿದ್ದು ಏನೂ ತಿಳಿಯಂಗಿಲ್ಲ. ಬೆರಳು ನೋಡ್ರಿ, ಹೆಂಗ ನಡುಗಾಕತ್ತಾವ. ನಿದ್ದಿ ಔಷಧ ಮತ್ತ ಸುರು ಮಾಡ್ಲೇನ್ರಿ?"

ನೋಡಿದೆ. ಬಟ್ಟೆಯೊಳಗೆ ಬಲಗೈಯ ಬೆರಳುಗಳು ಮಡಚುತ್ತಿದ್ದವು, ಬಿಚ್ಚುತ್ತಿದ್ದವು, ಒಂದರ ಮೇಲೊಂದು ಏರುತ್ತಿದ್ದವು. ನಿಂತು, ಮತ್ತೆ ಅದೇ ಕ್ರಮದಲ್ಲಿ ಮಡಚುತ್ತಿದ್ದವು. ನಡುಕಕ್ಕೆ ಕ್ರಮ ಇರುವುದಿಲ್ಲ.

"ಔಷಧ ಬ್ಯಾಡ. ಹೊರಗ ಕುಂತಾರಲ್ಲ, ಅವರ ತಮ್ಮನ್ನ ಕರೀರಿ. ಲಗೂನ."

"ಒಳಗ ಬಿಡಂಗಿಲ್ಲರಿ…"

"ನಾ ಹೇಳ್ತೇನಿ, ಕರೀವ್ವಾ."

ನಾನೇ ಬಲಗೈಯ ಕಟ್ಟು ಬಿಚ್ಚಿದೆ. ನಳಿಕೆಯ ಕಡೆ ಹೋದರೆ ಹಿಡಿಯೋಣ ಎಂದು ಪಕ್ಕದಲ್ಲೇ ನಿಂತೆ. ಕೈ ನಳಿಕೆಯ ಕಡೆ ಹೋಗಲಿಲ್ಲ. ಹಾಸಿಗೆಯ ಮೇಲೆ ದಣಿದು ಬಿದ್ದುಕೊಂಡಿತು. ಹಸಿರು ಗೌನು ತೊಟ್ಟ ತಮ್ಮ ಒಳಗೆ ಬಂದು ಮಂಚದ ಕಾಲಿನ ಬಳಿ ನಿಂತ. ಅಕ್ಕ ಆತನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆತ ಕೈ ಎತ್ತಲಿಲ್ಲ. ಎತ್ತಲು ಹೆದರಿದ್ದ.

ಅಕ್ಕನ ಕೈ ಎದ್ದಿತು. ಮೂರು ಬೆರಳು ಮುಂದೆ ಬಂದು ಒಮ್ಮೆ ತಿರುಗಿ ನಿಂತವು.

ಆತ ಎದೆಯ ಮೇಲೆ ಕೈ ಬಡಿದುಕೊಂಡು ಏನೋ ಅಂದ. ಅಕ್ಕ ಮತ್ತೆ ಅದೇ ಮೂರು ಬೆರಳು ತಿರುಗಿಸಿದರು, ಈ ಸಲ ಹುಬ್ಬು ಗಂಟಿಕ್ಕಿ. ಆತ ಇಲ್ಲ ಇಲ್ಲ ಎಂದು ತಲೆ ಆಡಿಸಿ, ಹೊರಗೆ ಎಲ್ಲೋ ತೋರಿಸಿ, ಎರಡು ಕೈಯಲ್ಲಿ ಉದ್ದನೆಯದೊಂದು ಸಮಾಧಾನ ಹೇಳಿದ. ಅಕ್ಕ ಒಪ್ಪಲಿಲ್ಲ. ಬೆರಳು ಝಾಡಿಸಿದರು. ಆತನೂ ಬಿಡಲಿಲ್ಲ, ಮುಖ ಕೆಂಪಾಗಿತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ವಾದ ಮಾಡುತ್ತಲೇ ಇತ್ತು. ಅಕ್ಕತಮ್ಮ ಜಗಳವಾಡುತ್ತಿದ್ದರು! ನಾನು ಮಂಚದ ಸರಳು ಹಿಡಿದುಕೊಂಡು ನೋಡುತ್ತ ನಿಂತೆ.

ನರ್ಸು ಬಟ್ಟೆಯ ಕಟ್ಟು ಕೈಯಲ್ಲಿ ಹಿಡಿದು ಹತ್ತಿರ ಬಂದಳು. "ಕೈ ಮತ್ತ ಕಟ್ಟಲೇನ್ರಿ ಬಾಯಾರ?"

"ಬ್ಯಾಡ. ಮಾತಾಡಾಕತ್ತಾರ, ಮುಗೀಲಿ."

"ಏನ್ ಮಾತಾಡಾಕತ್ತಾರ್ರಿ?"

"ನನಗೇನ್ ಗೊತ್ತವ್ವಾ," ಎಂದೆ. "ಅದು ಅವರಿಬ್ಬರಿಗಷ್ಟ ಗೊತ್ತು."